ಅತ್ತೆಯ ಕಾಲಿನ ಕಾಗಿಣಾ

ನಮ್ಮ ಸೋದರತ್ತೆಯ ಎಡಗಾಲಿನ ಮೇಲೆ ಕಾಗಿಣಾ ಹೊಳೆ ಹರಿಯುತ್ತಿತ್ತು. ಮೀನಖಂಡದಿಂದ ಹಿಮ್ಮಡಿಯವರೆಗೆ ಹಸಿರು ನರಗಳು ಗಂಟುಗಂಟಾಗಿ ಉಬ್ಬಿ, ಬಳಸಿ ಇಳಿದಿದ್ದವು. ಚಿಕ್ಕವರಿದ್ದಾಗ ನಾವು ಅದರ ಮೇಲೆ ಬೆರಳಿಟ್ಟು ಇದು ಸೇಡಂ, ಇದು ಚಿತ್ತಾಪುರ, ಇದು ಶಹಾಬಾದ ಎಂದು ಆಡುತ್ತಿದ್ದೆವು. ಸಂಜೆಯಾದರೆ ಆಕೆಗೆ ಕಾಲು ಭಾರ, ಪಾದ ಊತ. ಕಾಲುಗಂಟಿನ ಬಳಿ ಚರ್ಮ ಕಪ್ಪಿಟ್ಟು ತುರಿಸುತ್ತಿತ್ತು. ಗಾಳಿ ಹಿಡಿದಿದೆ ಎಂದು ಎಣ್ಣೆ ಹಚ್ಚಿ, ಮತ್ತೆ ದಿನವಿಡೀ ಕಣದಲ್ಲಿ ಆಳುಗಳ ನಡುವೆ ನಿಲ್ಲಲು ಹೋಗುತ್ತಿದ್ದಳು.

ರಜಾಕಾರರ ಗದ್ದಲ ಅಡಗಿ, ಊರೂರಿಗೆ ಮದುವೆಯ ಮಾತುಗಳು ಮತ್ತೆ ಓಡಾಡತೊಡಗಿದ್ದ ಕಾಲ. ಅತ್ತೆಯ ಮಗನಿಗೆ ಹೆಣ್ಣು ನೋಡಲು ಕುರಕುಂಟಾಕ್ಕೆ ಹೋದೆವು. ಹೈದರಾಬಾದಿನ ಕಾಲೇಜಿನಿಂದ ರಜೆಗೆ ಬಂದಿದ್ದ ನಾನೂ ಗಾಡಿಯಲ್ಲಿದ್ದೆ. ಹುಡುಗಿಯ ತಾಯಿ ಕುಂಕುಮದ ನೀರು ನಿವಾಳಿಸಿ, ಅತ್ತೆಯನ್ನು ಪಡಸಾಲೆಯಲ್ಲಿ ಮಣೆಯ ಮೇಲೆ ಕೂಡಿಸಿದಳು. ಕಾಲನ್ನು ಹಿತ್ತಾಳೆ ಪರಾತದಲ್ಲಿಟ್ಟು, ಬಿಸಿನೀರು ಸುರಿದು ಉಜ್ಜಿದ್ದೇ ಉಜ್ಜಿದ್ದು. ಬೀಗತಿಯಾಗುವವಳ ಕಾಲಲ್ಲವೇ.

ಪರಾತದ ನೀರು ಕೆಂಪಾಯಿತು. ಕುಂಕುಮದ ನೀರು ಚೆಲ್ಲಿರಬೇಕು ಎಂದು ಎಲ್ಲರೂ ನಕ್ಕರು. ಅತ್ತೆಗೂ ನೋವಿಲ್ಲ, ಆಕೆಯೂ ನಕ್ಕಳು. ಕಾಲುಗಂಟಿನಿಂದ ದಾರದಷ್ಟು ಸಣ್ಣಗೆ ಚಿಮ್ಮುತ್ತಿದ್ದುದನ್ನು ಕಂಡು ನಾನು, "ಅತ್ತಿ, ಅದು ರಕ್ತ" ಎಂದೆ.

ಹುಡುಗಿಯ ತಂದೆ ಗಾಬರಿಯಾಗಿ ತಲೆಯ ರುಮಾಲು ಬಿಚ್ಚಿ, ಗಾಯದ ಮೇಲ್ಭಾಗಕ್ಕೆ ಬಿಗಿದು ಕಟ್ಟಿದರು. ರಕ್ತ ಇಮ್ಮಡಿಯಾಯಿತು. ಅತ್ತೆಯ ತುಟಿ ಬೆಳ್ಳಗಾಗತೊಡಗಿತು. ಊಟಕ್ಕೆಂದು ಬಂದು ಅಂಗಳದಲ್ಲಿ ಕುಳಿತಿದ್ದ ಸೇಡಂನ ಡಾಕ್ಟರ್ ಸಾಹೇಬರು ಓಡಿ ಬಂದರು.

"ಅರೆ, ಮೊದಲ ಅದನ್ನ ಬಿಚ್ರಿ. ಮ್ಯಾಲ ಬಿಗದರ ರಕ್ತ ವಾಪಸ್ ಹೋಗೂದು ಹೆಂಗ? ಅವರನ್ನ ಮಲಗಿಸ್ರಿ, ಕಾಲ ಮ್ಯಾಲ ಎತ್ರಿ."

ಅತ್ತೆ ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿದಳು. "ಬೀಗರ ಮುಂದ ಕಾಲ ಎತ್ತಿ ಮಲಗ್ಲೇನು? ಸತ್ತರ ಕುಂತೇ ಸಾಯ್ತೀನಿ."

"ಕುಂತರ ಖರೇನೇ ಸಾಯ್ತೀರಿ, ಅಕ್ಕಾರ," ಎಂದರು ಸಾಹೇಬರು.

ಒಬ್ಬರೂ ಆಕೆಯನ್ನು ಮುಟ್ಟಲಿಲ್ಲ. ಕರೆಯುವವರೆಗೆ ಹೊರಗೆ ಬರಬಾರದಿದ್ದ ಹುಡುಗಿ ಆಗ ಬಾಗಿಲ ಹಿಂದಿನಿಂದ ಬಂದಳು. ಕಟ್ಟಿದ್ದ ರುಮಾಲು ಬಿಚ್ಚೆಸೆದು, ಹೆಗಲು ಹಿಡಿದು ಅತ್ತೆಯನ್ನು ಕಂಬಳಿಯ ಮೇಲೆ ಕೆಡವಿ, ಕಾಲೆತ್ತಿ ತನ್ನ ತಂದೆಯ ಹೆಗಲ ಮೇಲಿಟ್ಟು, ಸೆರಗು ಮಡಚಿ ಗಾಯವನ್ನು ಒತ್ತಿ ಹಿಡಿದಳು.

"ಬಿಡಬ್ಯಾಡವ್ವ, ತಗದು ನೋಡಬ್ಯಾಡ," ಎಂದರು ಸಾಹೇಬರು.

ರಕ್ತ ನಿಂತಿತು. ಇಷ್ಟೇನಾ? ನನಗೆ ನಗು ಬಂತು, ನಿಲ್ಲಿಸಲು ಆಗಲಿಲ್ಲ. ರುಮಾಲಿಲ್ಲದ ಬೋಳುತಲೆಯ ಬೀಗರು ಕಾಲುಂಗುರದ ಪಾದವನ್ನು ಹೊತ್ತು, ಪಲ್ಲಕ್ಕಿ ಹೊತ್ತವರಂತೆ ಗಂಭೀರವಾಗಿ ನಿಂತಿದ್ದರು. ಅತ್ತೆ ಕೆಳಗಿನಿಂದಲೇ ನನ್ನನ್ನು ದುರುಗುಟ್ಟಿ, "ಏ ಕಾಲೇಜದಾಕಿ, ಹಲ್ಲು ಮುಚ್ಚು" ಎಂದಳು.

ಗಾಯ ಮಾಯ್ದ ಮೇಲೆ ಸೇಡಂನಲ್ಲಿ ಸಾಹೇಬರು ಕಾಲನ್ನು ಪರೀಕ್ಷಿಸಿದರು. ಮಲಗಿಸಿ ಕಾಲೆತ್ತಿದಾಗ ನರಗಳು ಬರಿದಾದವು. ತೊಡೆಗೆ ಪಟ್ಟಿ ಬಿಗಿದು ನಿಲ್ಲಿಸಿದರೆ ಬರಿದಾಗಿಯೇ ಉಳಿದವು. ಪಟ್ಟಿ ಬಿಚ್ಚಿದ್ದೇ ತಡ, ಮೇಲಿನಿಂದ ಕೆಳಗೆ ಸರ್ರನೆ ಹೊಳೆ ತುಂಬಿತು. ಇದಕ್ಕೆ ವೆರಿಕೋಸ್ ಎನ್ನುತ್ತಾರೆ, ರಕ್ತವನ್ನು ಕೆಳಗಿಳಿಯಗೊಡದ ಒಳಗಿನ ಸಣ್ಣ ಬಾಗಿಲುಗಳು ಕೆಟ್ಟಿವೆ ಎಂದರು.

"ಬಾಗಿಲ ಮುರದಾವಂದ್ರ ಬಡಗ್ಯಾನ ಕರೀರಿ," ಎಂದಳು ಅತ್ತೆ.

ಬಡಗಿ ಹೈದರಾಬಾದಿನಲ್ಲಿದ್ದ. ಅಲ್ಲಿನ ದೊಡ್ಡ ದವಾಖಾನೆಯಲ್ಲಿ ತೊಡೆಯ ಸಂದಿನ ಬಳಿ ನರವನ್ನು ಕಟ್ಟಿದರು. ಆಮೇಲೂ ಬಹಳ ಹೊತ್ತು ನಿಲ್ಲುವಂತಿರಲಿಲ್ಲ, ನಡೆಯಬೇಕಿತ್ತು, ಕಾಲ ಕೆಳಗೆ ದಿಂಬಿಟ್ಟು ಮಲಗಬೇಕಿತ್ತು. ದಿನಾ ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲು, ಬೆರಳಿನ ಬುಡದಿಂದ ಮೊಣಕಾಲಿನವರೆಗೆ ಪಟ್ಟಿ ಸುತ್ತುತ್ತಿದ್ದವಳು ಸೊಸೆಯಾಗಿ ಬಂದಿದ್ದ ಆ ಹುಡುಗಿಯೇ.

"ಸಾವಕಾಶವ್ವಾ, ನನ್ನ ಕೆಡವಿದಾಕಿ," ಎನ್ನುತ್ತಿದ್ದಳು ಅತ್ತೆ.

"ಸುಮ್ ಮಲಗ್ರಿ, ಇಲ್ಲಂದ್ರ ನಮ್ಮಪ್ಪನ್ನ ಕರಸ್ತೀನಿ," ಎನ್ನುತ್ತಿದ್ದಳು ಸೊಸೆ.

ನಾನು ಈಗಲೂ, ಯಾರ ಮನೆಯಲ್ಲಾದರೂ ಕಾಲಿಗೆ ನೀರು ಕೊಟ್ಟರೆ, ಮೊದಲು ನೀರಿನ ಬಣ್ಣ ನೋಡುತ್ತೇನೆ.