ಇಂಜಿನ್ ಮೌಂಟಿಂಗೂ ಅಕ್ಕನ ಕುತ್ತಿಗೆಯೂ

ಎರಡು ವಾರದ ಹಿಂದೆ, ಭಾನುವಾರ ಬೆಳಿಗ್ಗೆ, ಜಯನಗರ ನಾಲ್ಕನೇ ಬ್ಲಾಕಿನ ಹತ್ತಿರ ನನ್ನ ಅಕ್ಕ ಗಿರಿಜಾ ನನ್ನ ಕಾರಿನಿಂದ ಇಳಿದು ಆಟೋ ಹತ್ತಿ ಮನೆಗೆ ಹೋದಳು. ಜಗಳವೇನೂ ಆಗಿರಲಿಲ್ಲ. ಡೋರನ್ನು ಮೆಲ್ಲಗೇ ಹಾಕಿದಳು. ಹತ್ತು ತಿಂಗಳು ಒದ್ದಾಡಿ ಹೊಸದಾಗಿ ಕಟ್ಟಿಸಿದ ಕಾರು ಅದು. ಅದನ್ನು ಬಿಟ್ಟು ಆಟೋ.

ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಇಪ್ಪತ್ತೈದು ವರ್ಷದ ಹಿಂದೆ ನಾನೂ ಅಕ್ಕನೂ ಸಣ್ಣಪುಟ್ಟ ಕಾರ್ ರ್‍ಯಾಲಿಗಳಿಗೆ ಹೋಗುತ್ತಿದ್ದೆವು. ನಾನು ಡ್ರೈವರ್. ಅವಳು ಪಕ್ಕದಲ್ಲಿ ಕೂತು ದಾರಿ ಓದಿ ಹೇಳುವ ನ್ಯಾವಿಗೇಟರ್. (ಗೆದ್ದದ್ದು ಒಂದೇ ಒಂದು ಸ್ಟೀಲ್ ಫ್ಲಾಸ್ಕ್. ಅದೂ ಸೋರುತ್ತಿತ್ತು.) ಆಮೇಲೆ ಸಂಸಾರ, ಕೆಲಸ, ಟ್ರಾಫಿಕ್ಕು. ಕಾರು ಕವರ್ ಹೊದ್ದು ಶೆಡ್ಡಿನಲ್ಲಿ ಮಲಗಿತು.

ಹೋದ ವರ್ಷ ಅಕ್ಕನಿಗೆ ಕುತ್ತಿಗೆಯ ಆಪರೇಷನ್ ಆಯಿತು. ಕಾಲರ್ ಹಾಕಿಕೊಂಡು ಸೀಲಿಂಗ್ ಫ್ಯಾನ್ ನೋಡುತ್ತಾ ಮಲಗಿದ್ದವಳು ಒಂದು ದಿನ ಕೇಳಿದಳು: "ಆ ಗಾಡಿ ಇನ್ನೂ ಇದ್ಯೇನೋ?"

"ಇದೆ."

"ನಾನು ಎದ್ದ ಮೇಲೆ ಒಂದ್ ಸಲ ಹೋಗೋಣ ಕಣೋ. ಆಸ್ಪತ್ರೆಗೆ ಹೋಗಿಹೋಗಿ ಬೇಜಾರಾಗಿದೆ."

ಮುಂದಿನ ವಾರವೇ ಕಾರು ಜಯನಗರದ ಪಕ್ಕದ ಸಿದ್ದಾಪುರದಲ್ಲಿ ರುದ್ರಪ್ಪನವರ ಗ್ಯಾರೇಜಿನಲ್ಲಿತ್ತು. ರ್‍ಯಾಲಿ ಕಾಲದಿಂದಲೂ ಅವರೇ ನಮ್ಮ ಮೆಕ್ಯಾನಿಕ್. ದೊಡ್ಡ ಇಂಜಿನ್, ಹೊಸ ಬ್ರೇಕು, ಸಸ್ಪೆನ್ಷನ್, ಎಲ್ಲದಕ್ಕೂ ಇಬ್ಬರೂ ಒಪ್ಪಿದೆವು. ಸಿಕ್ಕಿಹಾಕಿಕೊಂಡದ್ದು ಇಂಜಿನ್ ಮೌಂಟಿಂಗ್ ವಿಷಯದಲ್ಲಿ.

ಮೌಂಟಿಂಗ್ ಅಂದರೆ ಇಂಜಿನ್ನನ್ನು ಕಾರಿನ ಚೌಕಟ್ಟಿಗೆ ಹಿಡಿದಿಡುವ ಭಾಗ. ನನ್ನ ಕಾರಿನಲ್ಲಿ ಇಂಥವು ಮೂರು. ನಡುವೆ ರಬ್ಬರ್ ಇರುತ್ತದೆ. ಇಂಜಿನ್ ನಡುಗಿದರೆ ಆ ನಡುಕವನ್ನು ರಬ್ಬರ್ ನುಂಗಿಕೊಳ್ಳುತ್ತದೆ, ನಿಮ್ಮವರೆಗೆ ಬಿಡುವುದಿಲ್ಲ. ಆದರೆ ಜೋರಾಗಿ ಆಕ್ಸಿಲರೇಟರ್ ತುಳಿದಾಗ ಮೆತ್ತಗಿನ ರಬ್ಬರಿನ ಮೇಲೆ ಇಂಜಿನ್ ಓಲಾಡುತ್ತದೆ, ಗೇರು ಸೋಮಾರಿಯಾಗುತ್ತದೆ. ಅದಕ್ಕೇ ರೇಸಿನ ಹುಚ್ಚಿನವರು ರಬ್ಬರ್ ಕಿತ್ತು ಪಾಲಿಯುರೆಥೇನ್ ಎಂಬ ಗಡಸು ವಸ್ತು ಹಾಕಿಸುತ್ತಾರೆ. ಹುಚ್ಚು ಪೂರ್ತಿ ನೆತ್ತಿಗೇರಿದವರು ಬರೀ ಲೋಹ.

"ಹೊಸ ರಬ್ಬರ್ದೇ ಹಾಕೋಣ ಸಾರ್. ಕೆಳಗಡೇದು ಒಂದು ಮಾತ್ರ ಸ್ವಲ್ಪ ಗಟ್ಟಿ ರಬ್ಬರ್. ನಿಮಗೆ ಅಷ್ಟು ಸಾಕು" ಎಂದರು ರುದ್ರಪ್ಪ.

"ನಿಮಗೆ ಅಷ್ಟು ಸಾಕು" ಅಂದರೆ ಏನರ್ಥ? ಅಷ್ಟರಲ್ಲಿ ನಾನು ಕಾರುಪ್ರೇಮಿಗಳ ವಾಟ್ಸಾಪ್ ಗ್ರೂಪೊಂದನ್ನು ಬೇರೆ ಸೇರಿದ್ದೆ. ಅಲ್ಲೊಬ್ಬ, "ರಬ್ಬರ್ ಹಾಕೋದಾದ್ರೆ ಸ್ಕೂಟರ್ ತಗೋ ಗುರು" ಎಂದು ಬರೆದ. ಐವತ್ತನಾಲ್ಕರ ಗಂಡಸಿಗೆ ಇಂಥ ಮಾತು ನೇರವಾಗಿ ತಾಗುತ್ತದೆ. (ಅವನ ಕಾರಿನಲ್ಲಿ ಎರಡು ವರ್ಷದಿಂದ ಇಂಜಿನ್ನೇ ಇಲ್ಲವೆಂದು ಆಮೇಲೆ ತಿಳಿಯಿತು.) ಮೂರೂ ಮೌಂಟಿಂಗ್ ಪಾಲಿಯುರೆಥೇನ್ ಆಗಲಿ, ಅದರಲ್ಲೂ ಅತಿ ಗಡಸಿನದೇ ಆಗಲಿ ಎಂದೆ.

ರುದ್ರಪ್ಪ ಕೈ ಒರೆಸಿಕೊಂಡರು. "ಗಾಡಿ ನಿಮ್ದು ಸಾರ್."

ಒಬ್ಬನೇ ಓಡಿಸಿದಾಗ ಸಖತ್ತಾಗಿತ್ತು. ಗೇರು ಟಕ್ಕನೆ ಬೀಳುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ನಡುಗುವ ಕನ್ನಡಿಯಲ್ಲಿ ಹಿಂದಿನ ಒಂದು ಬಸ್ಸು ಎರಡಾಗಿ ಕಾಣುತ್ತಿತ್ತು. ಅದನ್ನು ನಾನು ರೇಸ್ ಕಾರಿನ ಫೀಲ್ ಅಂದುಕೊಂಡೆ.

ಅಕ್ಕನಿಗೆ ಕಾರಿನಲ್ಲಿ ಓಡಾಡಲು ಡಾಕ್ಟರು ಒಪ್ಪಿಗೆ ಕೊಟ್ಟರು. ಆ ಭಾನುವಾರ ತ್ಯಾಗರಾಜನಗರದ ಅವಳ ಮನೆ ಮುಂದೆ ಹಾರ್ನ್ ಹೊಡೆದೆ. ಕ್ಯಾನ್ವಾಸ್ ಶೂ ಹಾಕಿಕೊಂಡು, ಪೆನ್ಸಿಲ್ ಸಿಕ್ಕಿಸಿದ ಹಳೇ ರಟ್ಟು ಹಿಡಿದುಕೊಂಡು ಬಂದಳು. ಬೇಗೂರು ಕೆರೆಯವರೆಗಿನ ದಾರಿಯನ್ನು ತಿರುವು ತಿರುವಾಗಿ ಬರೆದಿಟ್ಟಿದ್ದಳು. ನಾನು ಕಣ್ಣು ಮುಚ್ಚಿಕೊಂಡೂ ಹೋಗಬಲ್ಲ ದಾರಿ.

ಸೌತ್ ಎಂಡ್ ಸರ್ಕಲ್ಲಿನಲ್ಲಿ ನಿಂತೆವು. ಸೀಟು, ಡ್ಯಾಶ್‌ಬೋರ್ಡು, ಗಾಜು ಎಲ್ಲವೂ ನಡುಗಿದವು. "ಮು... ಮುಂದೆ ಎ... ಎಡಕ್ಕೆ" ಎಂದು ಓದಿದಳು. ನಾನು ನಕ್ಕೆ. ಅವಳೂ ನಕ್ಕಳು. ಮುಂದಿನ ಸಿಗ್ನಲ್ಲಿನಲ್ಲಿ ಅವಳ ಕೈ ಕುತ್ತಿಗೆಗೆ ಹೋಯಿತು.

ಅದನ್ನು ನಾನು ನೋಡಿದೆ. ನೋಡಿಯೂ ಕೇಳಿದ್ದು ಏನು ಗೊತ್ತೆ? "ಗೇರ್ ಹೆಂಗ್ ಬೀಳ್ತಿದೆ ನೋಡಿದ್ಯಾ?"

ನಾಲ್ಕನೇ ಬ್ಲಾಕ್ ಬಂತು. "ಸೈಡಿಗೆ ಹಾಕೋ" ಎಂದಳು.

"ನೋವಾ?"

"ಹ್ಞೂಂ."

"ಮೊದ್ಲೇ ಹೇಳ್ಬಾರ್ದಿತ್ತಾ?"

"ನೀನು ಅಷ್ಟು ಖುಷಿಯಾಗಿದ್ದೆ ಕಣೋ."

ಅವಳ ಆಟೋದ ಹಿಂದೆಯೇ ನನ್ನ ಪರ್ಫಾರ್ಮೆನ್ಸ್ ಕಾರು ತಲೆ ತಗ್ಗಿಸಿಕೊಂಡು ಮನೆಯವರೆಗೆ ಹೋಯಿತು. ಹಾಸಿಗೆಯಲ್ಲಿ ಒರಗಿದ ಮೇಲೆ ಅವಳು ಹೇಳಿದ್ದು ಒಂದೇ ಮಾತು. "ಆಟೋ ಸ್ಮೂತಾಗಿತ್ತು." ಸಂಜೆ ಡಾಕ್ಟರು ನೋಡಿ, ಅಪಾಯವೇನಿಲ್ಲ, ಒಂದು ವಾರ ರೆಸ್ಟ್ ಮಾಡಲಿ ಎನ್ನುವವರೆಗೆ ನನಗೆ ಒಂದು ತುತ್ತೂ ಇಳಿಯಲಿಲ್ಲ.

ಸೋಮವಾರ ಗ್ಯಾರೇಜಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. "ನಾನು ಹೇಳಿರಲಿಲ್ವಾ" ಎಂದು ರುದ್ರಪ್ಪ ಅನ್ನಲಿಲ್ಲ. ಬೀಗದ ಕೈ ಇಸಿದುಕೊಂಡು, "ನೀವು ಆ ಕಡೆ ಕೂತ್ಕೊಳಿ ಸಾರ್" ಎಂದರು.

ಅವರು ಓಡಿಸಿದರು. ಡ್ರೈವರ್ ಸೀಟಿನಲ್ಲಿದ್ದರೆ ಹಿಡಿಯಲು ಸ್ಟೀರಿಂಗ್ ಇದೆ, ತುಳಿಯಲು ಪೆಡಲ್ ಇದೆ. ಬರುವ ನಡುಕವನ್ನೆಲ್ಲ ನೀವೇ ಮಾಡುತ್ತಿದ್ದೀರಿ ಅನ್ನಿಸುತ್ತದೆ. ಪಕ್ಕದಲ್ಲಿ ಕೂತವರಿಗೆ ಅದು ಸುಮ್ಮನೆ ಬಂದು ಬಡಿಯುತ್ತದೆ. ಎರಡನೇ ಸಿಗ್ನಲ್ಲಿಗೆ ನನ್ನ ದವಡೆ ನೋಯತೊಡಗಿತು.

"ಸಾಕು ರುದ್ರಪ್ಪನವರೇ, ನಾನು ಇಳೀತೀನಿ."

"ಇನ್ನೂ ಒಂದು ಸಿಗ್ನಲ್ ಇದೆ ಸಾರ್."

ಅವರು ಮೊದಲು ಹೇಳಿದ್ದ ಮೌಂಟಿಂಗುಗಳನ್ನೇ ಹಾಕಿದರು. ಈಗ ಇಂಜಿನ್ ಚೂರು ಓಲುತ್ತದೆ. ಗೇರು ಒಂದು ರೆಪ್ಪೆ ಹೊಡೆಯುವಷ್ಟು ತಡ. ಗ್ರೂಪಿನಲ್ಲಿ ಹೇಳಿದೆ. ಎಲ್ಲರೂ ಅಳುವ ಮುಖ ಕಳಿಸಿ ಸಂತಾಪ ಸೂಚಿಸಿದರು.

ಮೊನ್ನೆ ಭಾನುವಾರ ಅಕ್ಕ ಮತ್ತೆ ಬಂದಳು. ಮನೆ ಮುಂದೆಯೇ ಇಂಜಿನ್ ಆನ್ ಮಾಡಿಸಿ, ಹತ್ತು ನಿಮಿಷ ಸುಮ್ಮನೆ ಕೂತು ನೋಡಿದಳು. "ಹ್ಞೂಂ, ಹೊರಡು" ಎಂದಳು. ಬೇಗೂರಿನವರೆಗೆ ಒಂದೊಂದು ತಿರುವನ್ನೂ ಓದಿ ಹೇಳಿದಳು. ನಾನು ಒಂದು ಎಡ ತಪ್ಪಿಸಿದೆ. "ಕಿವಿ ಎಲ್ಲಿಟ್ಟಿದ್ದೀಯೋ?" ಎಂದು ಇಪ್ಪತ್ತೈದು ವರ್ಷದ ಹಿಂದಿನ ದನಿಯಲ್ಲೇ ಬೈದಳು. ಬೈಸಿಕೊಂಡು ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ನನಗೆ ಸಲಹೆ ಕೊಟ್ಟ ಶೂರರೆಲ್ಲ ಒಬ್ಬರಿಗಾಗಿ, ಅಂದರೆ ತಮಗಾಗಿ, ಕಾರು ಕಟ್ಟಿದವರು. ನಾನೂ ಅಕ್ಕನ ಹೆಸರು ಹೇಳಿಕೊಂಡು ಅದನ್ನೇ ಮಾಡಿದ್ದೆ.

ನಿಮ್ಮ ಗಾಡಿಯಲ್ಲಿ ಪಕ್ಕದ ಸೀಟಿಗೆ ನೀವು ಕೊನೆಯ ಸಲ ಕೂತದ್ದು ಯಾವಾಗ?