ಫಿಲ್ಟರಿಗೆ ಸೇರದ ನಲ್ಲಿ

ಬೆಳಿಗ್ಗೆ ಎದ್ದು ಅಂಗಳ ತೊಳೆದೆ. ಹಾಲು ಕಾಸಿದೆ. ರೊಟ್ಟಿ ಬಡಿದು ಬುಟ್ಟಿಯಲ್ಲಿ ಮುಚ್ಚಿಟ್ಟೆ. ಮಗಳ ಎರಡು ಸೀರೆ ಒಗೆದು ಮಾಳಿಗೆಯ ಮೇಲೆ ಹರವಿದೆ. ಅಕ್ಕಿಯಲ್ಲಿನ ಹರಳು ಆರಿಸಿದೆ. ಆಮೇಲೆ ನಟ್ಟು ತಿರುಗಿಸುವ ಪಾನಾ ಹಿಡಿದುಕೊಂಡು ನೀರಿನ ಫಿಲ್ಟರ್ ಬಿಚ್ಚಿದೆ.

ಅದನ್ನು ಕೂರಿಸಿ ಅಂದಿಗೆ ಹನ್ನೆರಡು ದಿನ. ವಡಗಾವಿಯ ನಮ್ಮ ಗಲ್ಲಿಯಲ್ಲಿ ಆ ಮಳೆಗಾಲ ಎರಡು ಮನೆಗೆ ಕಾಮಾಲೆ ಬಂದಿತ್ತು. ನೀರಿನ ಪೈಪು ಗಟಾರದ ಪಕ್ಕದಲ್ಲೇ ಹಾದು ಬರುತ್ತದೆ. ನಲ್ಲಿ ಬಿಟ್ಟ ಮೊದಲ ಐದು ನಿಮಿಷ ನೀರಿಗೆ ತಿಳಿ ಚಹಾದ ಬಣ್ಣ. ಮಗಳು ಖಾನಾಪುರದ ಗಂಡನ ಮನೆಯಲ್ಲಿದ್ದಳು, ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಕರೆಯಲು ಹೋದಾಗ ಬೀಗತಿ ಚಹಾ ಕೊಟ್ಟು, ಲೋಟ ಖಾಲಿಯಾಗುವ ಮೊದಲೇ ಕೇಳಿದರು.

“ಖರೇ ಹೇಳ್ರಿ, ನಿಮ್ಮ ಗಲ್ಲಿದಾಗ ಕಾಮಣಿ ಐತಿ ಹೌದಲ್ಲೋ? ಬಸುರಿಗೆ ಹತ್ತಿದ್ರ ತಾಯಿನೂ ಉಳಿಯೂದಿಲ್ಲ, ಕೂಸೂ ಉಳಿಯೂದಿಲ್ಲ ಅಂತಾರ. ನಮ್ಮ ಬಾವಿ ನೀರು ಕುಡಕೊಂಡು ಇಲ್ಲೇ ಇರಲಿ ಬಿಡ್ರಿ.”

“ಇಡೀ ಮನಿಗೇ ಫಿಲ್ಟರ್ ಕುಂದರಸ್ತೀನ್ರಿ. ಒಂದು ಹನಿ ಕೆಟ್ಟ ನೀರು ಆಕಿ ಬಾಯಿಗೆ ಹೋಗಂಗಿಲ್ಲ.”

“ನಿಮ್ಮ ಮಾತಿನ ಮ್ಯಾಲೆ ಕಳಸ್ತೀನಿ ನೋಡ್ರಿ,” ಎಂದರು.

ಪ್ಲಂಬರ್ ನಾಳೆ ನಾಳೆ ಎಂದು ವಾರ ದೂಡಿದ. ಕೊನೆಗೆ ನಾನು, ನಮ್ಮ ಮನೆಯವರು ಇಬ್ಬರೇ ಕೂತೆವು. ಮಾಳಿಗೆಯ ಮೇಲಿನ ನೀರಿನ ಟಾಕಿಯಿಂದ ಮನೆಯೊಳಗೆ ಇಳಿಯುವ ಪೈಪು ಕೊಯ್ದು, ನಡುವೆ ಮೂರು ಕೊಳವೆ ಸೇರಿಸಬೇಕು: ಒಂದರಲ್ಲಿ ಸುತ್ತಿದ ಬಿಳಿ ನೂಲು, ಒಂದರಲ್ಲಿ ಇದ್ದಿಲು, ಕೊನೆಯದರಲ್ಲಿ ರೋಗಾಣು ಕೊಲ್ಲುವ ನೀಲಿ ದೀಪ. ಜೀವನವಿಡೀ ಮಗ್ಗದ ಮುಂದೆ ಕೂತ ಅವರು ಪೈಪಿನ ತಿರುಪುಗಳಿಗೆ ಟೇಪು ಸುತ್ತಿದ್ದು ಚಂದವಾಗಿತ್ತು. ಆದರೆ ಮೊದಲ ಕೊಳವೆಯನ್ನೇ ತಿರುವುಮುರುವು ಜೋಡಿಸಿದರು.

“ನೀರು ಹರಿಯೂ ಬಾಣ ಯಾ ಕಡಿ ಐತಿ ನೋಡ್ರಿ. ಮಗ್ಗದಾಗ ಹರಿದ ಎಳಿ ಕಾಣ್ತೈತಿ, ಬೆರಳಿನಷ್ಟು ಬಾಣ ಕಾಣಂಗಿಲ್ಲೇನು?”

“ಎಳಿ ಬಾಯಿ ಮಾಡಂಗಿಲ್ಲ, ಅದಕ್ಕ ಕಾಣ್ತೈತಿ,” ಎಂದು ಬಿಚ್ಚಿ ಮತ್ತೆ ಕೂರಿಸಿದರು.

ಅಂಗಳದ ನಲ್ಲಿ ಮಾತ್ರ ಬೀದಿಯ ಪೈಪಿಗೆ ನೇರ ಜೋಡಣೆ. ನೆಲ ತೊಳೆಯುವ ನೀರಿಗೆ ಫಿಲ್ಟರ್ ಯಾಕೆಂದು ಹಾಗೇ ಬಿಟ್ಟೆವು. ಮರುದಿನ ಮಗಳನ್ನು ಕರೆತಂದೆವು.

ಹನ್ನೆರಡನೆಯ ದಿನ ಬಿಚ್ಚಿದಾಗ ಬಿಳಿ ನೂಲು ಕಂದಾಗಿತ್ತು. ಮುಟ್ಟಿದರೆ ಲೋಳೆ, ಮೂಗಿಗೆ ಗಟಾರದ ವಾಸನೆ. ನನಗೆ ಹೆದರಿಕೆಗಿಂತ ಸಮಾಧಾನವೇ ಆಯಿತು. ಇಷ್ಟೂ ಇಲ್ಲೇ ನಿಂತಿತಲ್ಲ. ನಮ್ಮ ಜೊತೆಗಿರುವ ನನ್ನ ಅತ್ತೆಗೆ ತೋರಿಸೋಣವೆಂದು ಕೈಯಲ್ಲಿ ಹಿಡಿದೇ ಅಂಗಳಕ್ಕೆ ಬಂದೆ. ಅವರು ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ತಾಮ್ರದ ತಂಬಿಗೆಯ ಬಾಯಿಗೆ ಬಟ್ಟೆ ಕಟ್ಟಿ ನೀರು ತುಂಬುತ್ತಿದ್ದರು.

“ಅತ್ತೀ, ಈ ನೀರು ಯಾಕ?”

“ಪೂಜಾಕ. ನಿನ್ನ ಮಷೀನ ತಾ ಮೊದಲ ಕುಡದು ಆಮ್ಯಾಲೆ ನಮಗ ಬಿಡತೈತಿ. ಎಂಜಲ ನೀರು ಲಿಂಗಕ್ಕ ಎರೀಲೇನು?”

“ಯಾವಾಗಿಂದ ಒಯ್ಯಾಕತ್ತೀರಿ?”

“ಅದನ್ನ ಕುಂದರಿಸಿದಾಗಿಂದ.”

ಲಿಂಗಕ್ಕೆ ಎರೆದ ನೀರನ್ನು ತೀರ್ಥವೆಂದು ಕುಡಿಯುವುದು ನಮ್ಮಲ್ಲಿ ರೂಢಿ. ನನ್ನ ಪೂಜೆಗೆ ನಾನು ಅಡುಗೆಮನೆಯ ನೀರನ್ನೇ ಒಯ್ಯುತ್ತಿದ್ದೆ. ಅವರೂ ಅದನ್ನೇ ಒಯ್ಯುತ್ತಾರೆಂದು ತಿಳಿದಿದ್ದೆ. ಕೇಳಬಾರದೆನಿಸಿದರೂ ಕೇಳಿದೆ.

“ಮಗಳಿಗೂ ಕೊಟ್ಟೀರೇನು?”

“ಕೊಡದ ಬಿಡ್ತೀನೇನ? ದಿನಾ ಮೂರು ಸಲ ಅಂಗೈಗೆ ಹಾಕ್ತೀನಿ. ಹೊಟ್ಟ್ಯಾಗಿನ ಕೂಸು ಗಟ್ಟಿಯಾಗಲಿ ಅಂತ.”

ಕೈಯಲ್ಲಿದ್ದ ನೂಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅತ್ತೆ ಅದನ್ನು ನೋಡಿದರು, ನನ್ನ ಮುಖ ನೋಡಿದರು. ತಂಬಿಗೆಯನ್ನು ಮೆಲ್ಲಗೆ ಮಗುಚಿದರು.

ಅಂದೇ ಮಗಳನ್ನು ಆಸ್ಪತ್ರೆಗೆ ಕರೆದೊಯ್ದೆ. ಖಾಸಬಾಗದ ಡಾಕ್ಟರಮ್ಮ ಅವಳ ಕಣ್ಣು ಬಿಡಿಸಿ ನೋಡಿದರು, ರಕ್ತ ತೆಗೆದರು. “ಈಗೇನೂ ಕಾಣವಲ್ದು. ಆದ್ರ ಇದು ಲಗೂನ ತೋರಸಂಗಿಲ್ಲ, ವಾರಗಟ್ಟಲೆ ಒಳಗ ಕುಂದರತೈತಿ. ವಾರಕ್ಕೊಮ್ಮೆ ಕರಕೊಂಡು ಬರ್ರಿ. ಊಟ ಸೇರದಿದ್ರ, ಸುಸ್ತಾದ್ರ ಅವತ್ತೇ ಬರ್ರಿ.”

ರಿಕ್ಷಾದಲ್ಲಿ ಮಗಳು ನನ್ನ ಕೈ ಹಿಡಿದಳು. “ಖಾನಾಪುರದಾಗ ನಮ್ಮ ಅತ್ತಿಯವರಿಗೆ ಹೇಳಬ್ಯಾಡವ್ವಾ. ಅಜ್ಜಿನ್ನ ಸುಮ್ನ ಬಿಡಂಗಿಲ್ಲ ಅವರು.”

ಮನೆಗೆ ಬಂದಾಗ ನಮ್ಮ ಯಜಮಾನರು ಅಂಗಳದ ನಲ್ಲಿ ಕಿತ್ತು ಪೈಪಿಗೆ ಬೂಚು ಜಡಿಯುತ್ತಿದ್ದರು. ಸಂಜೆ ಬೀಗತಿಯೇ ಫೋನ್ ಮಾಡಿದರು. “ಫಿಲ್ಟರ್ ಚಲೋ ನಡದೈತೇನ್ರಿ?”

ಮಾತು ಕೊಟ್ಟವಳು ನಾನು. ಇದ್ದದ್ದು ಇದ್ದ ಹಾಗೆ ಹೇಳಿದೆ.

“ನಾಳೆ ಮೊದಲ ಗಾಡಿಗೆ ಬರ್ತೀನಿ,” ಎಂದು ಬೀಗತಿ ಫೋನ್ ಇಟ್ಟುಬಿಟ್ಟರು.

ಆ ಸಂಜೆ ಅಕ್ಕಿ ಗಂಜಿ, ಬೇಯಿಸಿದ ಹೆಸರುಬೇಳೆ, ಬೆಳಗಿನ ರೊಟ್ಟಿ. ಯಜಮಾನರು ಒಂದೂವರೆ ರೊಟ್ಟಿ ತಿಂದರು. ಅತ್ತೆ ಕಾಸಿದ ನೀರು ಕುಡಿದು ಗೋಡೆಗೆ ಒರಗಿದರು. ಮಗಳು ಎರಡು ಚಮಚ ಗಂಜಿ ಉಂಡು ತಾಟು ಸರಿಸಿದಳು. “ಯಾಕೋ ಸೇರವಲ್ದವ್ವಾ,” ಎಂದಳು. ರಿಕ್ಷಾದಲ್ಲಿ ತಿರುಗಾಡಿದ್ದಕ್ಕಿರಬೇಕು ಎಂದೆ. ಇನ್ನೂ ಎಂಟು ಹೊಡೆದಿರಲಿಲ್ಲ. ಎಲ್ಲರಿಗಿಂತ ಮೊದಲು ಅವಳೇ ಮಲಗಿದಳು.