ಕೆಳಗಿನ ಟಿವಿಯಲ್ಲಿ ಧಾರೆ

ಕಿರುಗಾವಲಿನ ಮಹದೇವು ಕೂತು ಉಂಡದ್ದನ್ನು ಅವನ ಹೆಂಡತಿ ರೂಪ ಕೂಡ ಕಂಡವಳಲ್ಲ. ತಟ್ಟೆ ಕೈಯಲ್ಲಿ ಹಿಡಿದೇ ಜಗಲಿಗೂ ಅಡುಗೆಮನೆಗೂ ಓಡಾಡುತ್ತಾನೆ. "ಕಾಲಿಗೇನು ಚಕ್ರ ಕಟ್ಕಂಡಿದ್ದೀಯಾ?" ಎಂದು ಅವಳು ಬೈಯುತ್ತಲೇ ಇರುತ್ತಾಳೆ. ಮೊದಲು ಮನೆಮನೆಗೆ ಡಿಶ್ ಕೂರಿಸುತ್ತಿದ್ದ. ಈಗ ಮಂಡ್ಯ, ಮದ್ದೂರು, ಮಳವಳ್ಳಿಯ ಛತ್ರಗಳಲ್ಲಿ ಮದುವೆಯನ್ನು ಪರದೆಗೆ ಏರಿಸುವ ಕೆಲಸ. ಒಂದು ಲ್ಯಾಪ್‌ಟಾಪು, ಒಂದು ಕ್ಯಾಮೆರಾ, ಒಂದು ಮೂಟೆ ವೈರು. ಆಳುಕಾಳು ಯಾರೂ ಇಲ್ಲ. ಪರದೆಗಳೋ ಒಂದೊಂದೂ ಒಂದೊಂದು ಅಳತೆ. ಎಲ್ಲಕ್ಕೂ ಒಂದೇ ಚಿತ್ರ ಕೊಡುವುದೆಂದರೆ ಅತ್ತೆ ಸೊಸೆ ಇಬ್ಬರಿಗೂ ಒಂದೇ ರವಿಕೆ ತೊಡಿಸಿದ ಹಾಗೆ. ಇಂಥ ಕೆಲಸ ಹಿಡಿದವನು ಚಡಪಡಿಸದೆ ಇನ್ನೇನು ಮಾಡಿಯಾನು?

ಆವತ್ತು ಮಳವಳ್ಳಿಯ ಛತ್ರದಲ್ಲಿ ಪುಟ್ಟಸ್ವಾಮಿಯ ಮಗಳು ಚಂದನಳ ಮದುವೆ. ಮಂಟಪ ಮೇಲಿನ ಮಹಡಿಯಲ್ಲಿ, ಊಟದ ಹಾಲ್ ಕೆಳಗೆ. ಮಂಟಪದ ಪಕ್ಕ ಅಡ್ಡಕ್ಕೆ ಉದ್ದವಾಗಿ ಚಾಚಿದ ಎಲ್‌ಇಡಿ ಪರದೆ, ಕೆಳಗೆ ಗೋಡೆಯಲ್ಲಿ ಒಂದು ಟಿವಿ. ಎರಡಕ್ಕೂ ಒಂದೇ ಚಿತ್ರ ಕೊಟ್ಟು, ಎಲ್‌ಇಡಿ ತುಂಬುವಂತೆ ಹಿಗ್ಗಿಸಿ, ಕೆಳಗೆ ಹೇಗಿದೆಯೆಂದು ನೋಡಲು ಮಹದೇವು ಇಳಿದು ಬಂದ.

ಟಿವಿಯ ಮುಂದೆ ಇದ್ದವಳು ಒಬ್ಬಳೇ, ಪುಟ್ಟಸ್ವಾಮಿಯ ತಾಯಿ ದೇವಿರಮ್ಮ. ಮಗ ಸೊಸೆ ಮಂಡ್ಯದಲ್ಲಿ ನೌಕರಿಗಿದ್ದಾಗ ಚಂದನಳನ್ನು ಊರಲ್ಲಿಟ್ಟುಕೊಂಡು ಸಾಕಿ ದೊಡ್ಡವಳನ್ನಾಗಿ ಮಾಡಿದಾಕೆ.

"ಮ್ಯಾಕೆ ಬರಾಕಿಲ್ವಾ ಅಜ್ಜಿ?"

"ಮಂಡಿ ನೋವು ಕಣಪ್ಪ."

ಮಂಡಿ ನೋವೆಲ್ಲ ನೆಪ. ಗಂಡ ಸತ್ತವಳು ಧಾರೆಯ ಹತ್ತಿರ ಸುಳಿಯಬಾರದೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ; ಹೇಳುವ ಮೊದಲೇ ಆಕೆ ಕೆಳಗೆ ಕುರ್ಚಿ ಹಾಕಿಸಿಕೊಂಡಿದ್ದಳು. ಇಂಥ ಪದ್ಧತಿಗೆ ಬೆಂಕಿ ಬೀಳಲಿ ಎಂದುಕೊಂಡ ಮಹದೇವು. ಆದರೆ ಪರದೆ ಕಟ್ಟುವವನ ಮಾತನ್ನು ಯಾರು ಕೇಳುತ್ತಾರೆ?

"ಇದ್ರಲ್ಲಿ ಕೈಯೇ ಕಾಣ್ತಿಲ್ವಲ್ಲಪ್ಪ," ಎಂದಳು ಅಜ್ಜಿ. ನಿಜ. ಹೆಣ್ಣು ಗಂಡಿನ ಚಿತ್ರ ಎದೆಮಟ್ಟಕ್ಕೇ ತುಂಡಾಗಿತ್ತು.

"ಮೊಕ ಚೆಂದಾಗಿ ಕಾಣ್ತದಲ್ಲ ಅಜ್ಜಿ."

"ಮೊಕ ಉಟ್ಟಿದಾಗಿಂದ್ಲೂ ನೋಡ್ತಾನೇ ಇವ್ನಿ. ಧಾರೆ ಒತ್ನಲ್ಲಿ ನಂಗೆ ಆ ಮಗೀನ ಕೈ ಕಾಣ್ಬೇಕು. ಅಷ್ಟು ಮಾಡ್ಕೊಡು."

"ಕಾಣಂಗೆ ಮಾಡ್ತೀನಿ ಬುಡಿ," ಎಂದುಬಿಟ್ಟ.

ಎರಡು ಪರದೆಗೂ ಬೇರೆ ಬೇರೆ ಚಿತ್ರ ಕೊಡಬೇಕು. ಸರಿಹೋಯಿತೇ ಎಂದು ಪದೇಪದೇ ಇಳಿದು ನೋಡೋಣವೆಂದರೆ ಮೆಟ್ಟಿಲ ತುಂಬ ಜನ. ಅದಕ್ಕೆ ತನ್ನ ಫೋನಿನಿಂದ ಲ್ಯಾಪ್‌ಟಾಪಿಗೆ ವಿಡಿಯೋ ಕಾಲ್ ಹಾಕಿ, ಟಿವಿಯೂ ಅಜ್ಜಿಯೂ ಕಾಣುವಂತೆ ಪಕ್ಕದ ಕಿಟಕಿಯಲ್ಲಿ ಫೋನನ್ನು ನಿಲ್ಲಿಸಿ ಮೇಲಕ್ಕೆ ಓಡಿದ. ಅಳತೆ ಬದಲಾಯಿಸಿದ. ಒಮ್ಮೆ ಟಿವಿಯ ಚಿತ್ರ ಸೊಟ್ಟಗಾಯಿತು, ಒಮ್ಮೆ ಕುಗ್ಗಿ ಅಂಗೈಯಷ್ಟಾಯಿತು. ಅತ್ತ ಪುರೋಹಿತರು ಹಾಲಿನ ಚೊಂಬು ತರಿಸುತ್ತಿದ್ದರು. ಒಂದು ಗಳಿಗೆ ನಿಲ್ಲಿಸಿ ಸ್ವಾಮಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡ. ಕೊನೆಗೂ ಟಿವಿಯಲ್ಲಿ ಕೈಗಳು ಮೂಡಿದವು, ಮೆಹಂದಿಯ ಸಮೇತ.

ಧಾರೆ ಶುರುವಾಯಿತು. ನೆಂಟರು ಒಬ್ಬೊಬ್ಬರಾಗಿ ಹಾಲೆರೆಯುತ್ತಿದ್ದಾಗ ಕರೆಂಟು ಹೋಯಿತು. ಜನರೇಟರ್ ಗುಡುಗಿತು, ಪರದೆಗಳು ಮತ್ತೆ ಹೊತ್ತಿಕೊಂಡವು. ಆದರೆ ಯಾವ ಚಿತ್ರ ಯಾವ ಪರದೆಗೆ ಎಂಬುದನ್ನು ಕಂಪ್ಯೂಟರ್ ಅದಲುಬದಲು ಮಾಡಿಕೊಂಡಿತ್ತು. ಲ್ಯಾಪ್‌ಟಾಪಿನಲ್ಲಿದ್ದ ಫೋನಿನ ಚಿತ್ರ ಕಾಣೆಯಾಗಿತ್ತು. ಮಹದೇವು ತಲೆ ಎತ್ತಿದ. ಅದು ಎಲ್‌ಇಡಿಯ ಮೇಲಿತ್ತು; ಟಿವಿಯಲ್ಲಿ ಮಾತ್ರ ಕೈಗಳು ಹಾಗೇ ಇದ್ದವು.

ಛತ್ರದ ಜನವೆಲ್ಲ ನೋಡುತ್ತಿದ್ದರು. ಖಾಲಿ ಊಟದ ಹಾಲ್‌ನಲ್ಲಿ ದೇವಿರಮ್ಮ ಎದ್ದು ನಿಂತಿದ್ದಾಳೆ. ಅಡುಗೆಯವರಿಂದ ಈಸಿಕೊಂಡ ಹಾಲಿನ ಲೋಟ ಕೈಯಲ್ಲಿದೆ. ಟಿವಿಯಲ್ಲಿ ಮೊಮ್ಮಗಳ ಕೈ ಕಾಣುವ ಕಡೆ ಲೋಟ ಹಿಡಿದು, ಕೆಳಗೊಂದು ತಟ್ಟೆ ಒಡ್ಡಿ, ಸಣ್ಣಗೆ ಧಾರೆ ಎರೆಯುತ್ತಿದ್ದಾಳೆ.

"ಲೇ, ತೆಗೀಲಾ ಅದ!" ಎಂದು ಪುಟ್ಟಸ್ವಾಮಿ ಮಂಟಪದಿಂದಲೇ ಕೂಗಿದ.

ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಜೀವಮಾನದಲ್ಲಿ ಸುಮ್ಮನಿದ್ದು ಗೊತ್ತಿಲ್ಲದ ಆಸಾಮಿ ಕೈ ಹಿಂದಕ್ಕೆ ತೆಗೆದುಕೊಂಡು, ಮಡಿಲಲ್ಲಿಟ್ಟುಕೊಂಡು ಕೂತ. ಬೈದರೆ ಬೈಯಲಿ, ಎಲ್ಲರೂ ನೋಡಲಿ ಎನ್ನಿಸಿತು ಅವನಿಗೆ.

ಚಂದನ ನೋಡಿದಳು. ಬೊಗಸೆಯನ್ನು ಹಿಂದಕ್ಕೆಳೆದುಕೊಂಡಳು.

"ಅಜ್ಜಿ ಬರೋಗಂಟ ನಾನು ಕೈ ಒಡ್ಡಾಕಿಲ್ಲ ಕಣಪ್ಪ. ಓಗಿ ಕರ್ಕೊಂಬಾ."

ಪುಟ್ಟಸ್ವಾಮಿ ನೆಂಟರ ಮುಖ ನೋಡಿದ, ಪರದೆಯಲ್ಲಿ ಅವ್ವನ ಮುಖ ನೋಡಿದ, ಮೆಟ್ಟಿಲಿಳಿದ. ಅವನು ಕೆಳಗೆ ಹೋಗಿ ಆಕೆಯ ತೋಳು ಹಿಡಿದದ್ದನ್ನೂ ಎಲ್ಲರೂ ಪರದೆಯ ಮೇಲೇ ಕಂಡರು. ಆಕೆ ಬೇಡವೆಂದು ತಲೆಯಾಡಿಸಿದಳು. ಆಮೇಲೆ ಲೋಟವನ್ನು ಕೆಳಗಿಡಲು ಬಗ್ಗಿದಳು.

"ಅದ್ನೂ ತಕೊಂಬಾ ಅವ್ವ," ಎಂದ ಪುಟ್ಟಸ್ವಾಮಿ.

ಮಂಡಿ ನೋವಿನ ದೇವಿರಮ್ಮ ಮಗನಿಗಿಂತ ಮೊದಲೇ ಮೇಲೆ ಬಂದಳು. ಲೋಟದಲ್ಲಿ ಉಳಿದ ಹಾಲನ್ನೆಲ್ಲ ಮೊಮ್ಮಗಳ ಕೈಯ ಮೇಲೆ ಎರೆದಳು. ಕೆಳಗಿನ ಟಿವಿಯಲ್ಲಿ ಆ ಕೈಗಳು ನಿಚ್ಚಳವಾಗಿ ಕಾಣುತ್ತಿದ್ದವು. ನೋಡಲು ಅಲ್ಲಿ ಯಾರೂ ಇರಲಿಲ್ಲ.